ಗುಂಜಿಯೆಂಬ ನಾಯಿಮರಿಯೂ ಮಡಿವಾಳರ ಮಾಚನೂ

"ಹೊನ್ನಗುಡಿಯ ಪ್ರಜೆಗಳು ಕಿವಿಗೊಟ್ಟು ಕೇಳತಕ್ಕದ್ದು. ರಾಜಕುಮಾರಿ ಮಾಣಿಕ್ಯದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ಬೇಡಿದ್ದನ್ನು ಪಡೆಯುತ್ತಾನೆ. ತಪ್ಪಿದವನ ತಲೆ ಕೋಟೆಬಾಗಿಲಿಗೆ ಏರುತ್ತದೆ. ಬರುವ ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ, ಸೆರೆಯಲ್ಲಿರುವ ಮಡಿವಾಳಗಿತ್ತಿ ಸಿದ್ದವ್ವನ ತಲೆ ಹೋಗುತ್ತದೆ."

ಡಂಗುರದ ಸದ್ದು ಹೊಳೆದಂಡೆಗೂ ಬಂತು. ಸಿದ್ದವ್ವನ ಮಗ ಮಾಚ ಕಲ್ಲಿಗೆ ಬಡಿಯಲು ಎತ್ತಿದ್ದ ಬಟ್ಟೆಯನ್ನು ಮೆಲ್ಲಗೆ ಇಳಿಸಿದ.

ರಾಜಕುಮಾರಿಗೆ ಗುಂಜಿ ಎಂಬ ಹೆಣ್ಣು ನಾಯಿಮರಿಯಿತ್ತು. ಅದಕ್ಕೆ ಉರಿಮೂತ್ರ. ಮದ್ದು ಕೊಟ್ಟರೆ ಅಡಗುವುದು, ಅರ್ಧ ತಿಂಗಳಿಗೆ ಮತ್ತೆ ತಲೆಯೆತ್ತುವುದು. ನಾಲ್ಕನೆಯ ಸಲ ಬಂದಾಗ ಆಸ್ಥಾನವೈದ್ಯ ನರಹರಿ ಪಂಡಿತ ಕೈ ತೊಳೆದುಕೊಂಡ. "ಮದ್ದಿನಲ್ಲಿ ದೋಷವಿಲ್ಲ. ಆ ಸಿದ್ದವ್ವ ಮರಿಯ ಹಾಸುಬಟ್ಟೆಯಲ್ಲಿ ಒಗೆಯುವ ಚೌಳುಮಣ್ಣು ಉಳಿಸಿದ್ದಾಳೆ, ಉರಿ ಅದರಿಂದ" ಎಂದ. ಅಂದೇ ಮುದುಕಿಯನ್ನು ಸೆರೆಗೆ ನೂಕಿದರು. ರಾಜಕುಮಾರಿಗೆ ಮಾತ್ರ ಯಾರ ಮಾತಿನ ಮೇಲೂ ನಂಬಿಕೆ ಉಳಿಯಲಿಲ್ಲ. ರೋಗದ ಹೆಸರು ಹೇಳಿದರೆ ಎಲ್ಲರೂ ಶ್ಲೋಕ ಒಪ್ಪಿಸುತ್ತಾರೆ. ಕಣ್ಣಿದ್ದವನು ಯಾರು ನೋಡೋಣವೆಂದು ಅದನ್ನೇ ಒಗಟು ಮಾಡಿದಳು.

ಮೊದಲು ಪಡುವಣ ಸೀಮೆಯ ರಾಜಕುಮಾರ ಬಂದ. ಮಾಣಿಕ್ಯದೇವಿ ಕೇಳಿದಳು: "ಇಪ್ಪತ್ತು ಸಲ ಬಾಗುತ್ತಾಳೆ, ಇಪ್ಪತ್ತು ಸಲವೂ ಎರಡೇ ಹನಿ ಚೆಲ್ಲುತ್ತಾಳೆ. ನೆಲಕ್ಕೆ ಅದು ನೀರು, ಚೆಲ್ಲಿದವಳಿಗೆ ಬೆಂಕಿ. ಯಾರವಳು?"

"ಎಣ್ಣೆ ಬತ್ತಿದ ಗಿಂಡಿ" ಎಂದ. ಸಂಜೆಗೆ ತಲೆ ಹೋಯಿತು.

ಮರುದಿನ ಒಬ್ಬ ಶಾಸ್ತ್ರಿ ಬಂದು, "ವಿರಹಿಣಿಯ ಕಣ್ಣು" ಎಂದ.

"ಯಾವ ಊರಿನ ವಿರಹಿಣಿ ಲೆಕ್ಕವಿಟ್ಟು ಅಳುತ್ತಾಳೆ?" ಎಂದಳು ರಾಜಕುಮಾರಿ. ಅವನ ತಲೆಯೂ ಹೋಯಿತು. ಅವಳ ಪೀಠದ ಕೆಳಗೇ ಗುಂಜಿ ಕುಂಯಿಗುಡುತ್ತ ಬಾಗಿಲ ಕಡೆ ನೋಡುತ್ತಿತ್ತು. ಉತ್ತರ ಹೇಳಬಂದ ಇಬ್ಬರೂ ಅದನ್ನು ನೋಡಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಮಾಚ ಬಂದು ಕಂಬದ ಪಕ್ಕ ಕೈಕಟ್ಟಿ ನಿಂತ. ನರಹರಿ ಪಂಡಿತ ನಕ್ಕ. "ಏನಪ್ಪಾ, ಕತ್ತೆಯ ನಾಡಿ ಹಿಡಿದು ವೈದ್ಯ ಕಲಿತೆಯೋ?"

"ನಾಡಿ ಹಿಡಿದಿಲ್ಲ ಸ್ವಾಮಿ. ಬಟ್ಟೆ ಹಿಡಿದಿದ್ದೀನಿ" ಎಂದ ಮಾಚ.

ಮೊದಲನೆಯ ಒಗಟು ಕೇಳಿದೊಡನೆ ಪೀಠದ ಕೆಳಗೆ ಕೈ ತೋರಿಸಿದ. "ಅವಳು ಇವಳೇ. ಉರಿಮೂತ್ರ. ಹಾಸಿನ ತುಂಬ ಹೆಬ್ಬೆರಳಿನಷ್ಟಷ್ಟು ಕಲೆ, ನಡುನಡುವೆ ಕೆಂಪು."

ರಾಜಕುಮಾರಿಯ ಮುಖ ಸಡಿಲವಾಗಲಿಲ್ಲ. "ಕಳ್ಳನನ್ನು ಮೂರು ಸಲ ಹೊರಗಟ್ಟಿದೆವು. ನಾಲ್ಕನೆಯ ಸಲವೂ ಒಳಗಿದ್ದಾನೆ. ಬಾಗಿಲು ಮುರಿದಿಲ್ಲ, ಗೋಡೆ ಕೊರೆದಿಲ್ಲ. ಹೇಗೆ ಬಂದ?"

"ಹೋಗಿದ್ರಲ್ವಾ ತಾಯಿ ಬರೋದು? ಅವನು ಮೂಲೇಲಿ ಮುದುರಿಕೊಂಡೇ ಇದ್ದ. ಮದ್ದು ಹಾಕಿದ ನಾಲ್ಕನೇ ದಿನಕ್ಕೆ ಹಾಸು ಬೆಳ್ಳಗೆ ಬರುತ್ತೆ. ಅವತ್ತಿಂದಲೇ ಬಟ್ಟೇಲಿ ಕಷಾಯದ ವಾಸನೆಯೂ ಇರಲ್ಲ. ಹತ್ತು ದಿನಕ್ಕೆ ಮತ್ತೆ ಕೆಂಪು. ಮೂರು ಸಲವೂ ಹೀಗೇ ಆಯ್ತು."

"ಮರಿ ಕುಣಿಯತೊಡಗಿದ ಮೇಲೂ ಮದ್ದು ಯಾಕೋ?" ಪಂಡಿತ ಗದರಿದ.

"ಕಲೆ ಕಾಣೋದಿಲ್ಲ ಅಂತ ಅರ್ಧಕ್ಕೆ ಹಿಂಡಿದ ಬಟ್ಟೆ ಒಣಗಿದ ಮೇಲೆ ಏನು ತೋರಿಸುತ್ತೆ ಅನ್ನೋದು ನಮಗೆ ಗೊತ್ತು ಸ್ವಾಮಿ."

ಸಭೆಯಲ್ಲಿ ಯಾರೋ ಕೆಮ್ಮಿದರು. ರಾಜಕುಮಾರಿ ಮೂರನೆಯದನ್ನು ಕೇಳಿದಳು: "ಈ ಮನೆಯೊಳಗೆ ಆ ಕಳ್ಳನನ್ನು ಸಾಕುವವರು ಯಾರು? ಉತ್ತರ ನನಗೂ ತಿಳಿಯದು. ಮರಿಯ ಮೈ ಹೌದೆನ್ನಬೇಕು."

ಉತ್ತರ ಮಾಚನಿಗೆ ಗೊತ್ತಿತ್ತು. ಹೇಳಿದರೂ ಕತ್ತಿ, ಹೇಳದಿದ್ದರೂ ಕತ್ತಿ, ಹೇಳದಿದ್ದರೆ ಅವ್ವನಿಗೂ. ಮನಸ್ಸಿನಲ್ಲೇ ಮಾಚಿದೇವರನ್ನು ನೆನೆದ.

"ತಾವೇ, ತಾಯಿ."

ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು. ಮಾಚ ನೆಲ ನೋಡುತ್ತಲೇ ಹೇಳಿದ: "ಅಂಗಳದಲ್ಲಿ ಕುಲದೇವಿಯ ಗುಡಿ ಇದೆ. ಮೈಲಿಗೆ ಆಗಬಾರದು ಅಂತ ಮರೀನ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಮಾತ್ರ ಹೊರಗೆ ಬಿಡ್ತಾರೆ. ಒಳಗೆ ಮಾಡಿದರೆ ಊಳಿಗದವರಿಗೆ ಛಡಿಯೇಟು. ಅದಕ್ಕೇ ಅವರು ನೀರಿನ ಬಟ್ಟಲನ್ನೇ ಎತ್ತಿಟ್ಟುಬಿಡ್ತಾರೆ. ಕಲೆ ಅರೆದ ಅರಿಸಿನದ ಹಾಗೆ ಗಟ್ಟಿ. ನೀರು ಕುಡಿದ ಜೀವದ್ದು ಹಾಗಿರೋದಿಲ್ಲ. ಕಟ್ಟಿಕೊಂಡ ನೀರಲ್ಲಿ ಕಳ್ಳ ಬೆಳೀತಾನೆ. ಕಟ್ಟಲೆ ತಮ್ಮದು."

"ನಾಲಿಗೆ ಸೀಳಿಸುತ್ತೇನೆ" ಎಂದ ರಾಜ.

"ಸೀಳಿದರೆ ಉತ್ತರ ನಿಜವೋ ಸುಳ್ಳೋ ತಿಳಿಯುವುದಿಲ್ಲ, ಅಪ್ಪಾಜಿ. ನಲವತ್ತು ದಿನ ಅವನು ಹೇಳಿದ ಹಾಗೆ ನಡೆಯಲಿ. ಮತ್ತೆ ಕೆಂಪು ಕಂಡರೆ ತಾಯಿ ಮಗ ಇಬ್ಬರನ್ನೂ ಒಟ್ಟಿಗೆ ಕಡಿಸಿ" ಎಂದಳು ರಾಜಕುಮಾರಿ, ತಣ್ಣಗೆ.

ಮಾಚನನ್ನೂ ಸೆರೆಗೆ ನೂಕಿದರು. ಅಲ್ಲಿ ಸಿದ್ದವ್ವ ಮಗನನ್ನು ಕಂಡು ಸಿಡುಕಿದಳು. "ನಿನ್ನನ್ನ ಯಾರು ಬಾ ಅಂದ್ರು? ಒಂದು ತಲೆ ಸಾಲದು ಅಂತ ಇನ್ನೊಂದು ತಂದ್ಯಾ?"

"ನೀನು ಹೋದ್ರೆ ನನಗೆ ಮುದ್ದೆ ಯಾರು ತಿರುವ್ತಾರವ್ವ?"

ಅತ್ತ ಅರಮನೆಯಲ್ಲಿ ಮಾಚ ಹೇಳಿದಂತೆ ನೀರಿನ ಬಟ್ಟಲು ಬತ್ತದಂತೆ ಇಟ್ಟರು. ಮರಿ ಬಾಗಿಲು ಕೆರೆದಾಗಲೆಲ್ಲ ಹೊರಗೆ ಬಿಟ್ಟು, ಬಂದ ಮೇಲೆ ಒದ್ದೆಯೊರೆಸಿದರು. ಮರಿ ಕುಣಿದರೂ ಮದ್ದನ್ನು ಹದಿನಾಲ್ಕು ದಿನ ತಪ್ಪಿಸಲಿಲ್ಲ. ಮೂವತ್ತನೆಯ ದಿನ ಹಾಸಿನಲ್ಲೊಂದು ಕೆಂಪು ಚುಕ್ಕೆ ಕಂಡಿತು. ತಲೆ ಕಡಿಯುವವನು ಕತ್ತಿ ಮಸೆದ. ರಾಜಕುಮಾರಿ ತಾನೇ ಆ ಬಟ್ಟೆಯನ್ನು ನೀರಿಗದ್ದಿ ನೋಡಿದಳು, ಪುಡಿ ಬಿಟ್ಟು ತೇಲಿತು: ದೇವಿಯ ಕುಂಕುಮ, ತನ್ನ ಬೆರಳಿನದೇ.

ನಲವತ್ತನೆಯ ದಿನ ಸಭೆ ಸೇರಿತು. ಮಾಣಿಕ್ಯದೇವಿ ಎದ್ದು ನಿಂತಳು. "ಮೊದಲನೆಯದು ಉರಿಮೂತ್ರ. ಎರಡನೆಯದು ಅರ್ಧಕ್ಕೆ ಬಿಟ್ಟ ಮದ್ದು. ಮೂರನೆಯದು ನಾನು." ಆಮೇಲೆ ಮಾಚನ ಕಡೆ ತಿರುಗಿದಳು. "ಬೇಕಾದ್ದನ್ನು ಕೇಳು. ಬೇಗ ಕೇಳು, ನಿನ್ನ ಮುಖ ನೋಡುವುದು ನನಗೆ ಹಿತವಲ್ಲ."

"ನಮ್ಮವ್ವನನ್ನ ಕೊಡಿ."

"ಅಷ್ಟೇಯೆ?"

"ಅಷ್ಟೇ ಅಂದ್ರೇನು ತಾಯಿ?" ಸಿದ್ದವ್ವ ಬಾಯಿ ಹಾಕಿದಳು. "ಎರಡು ತಿಂಗಳು ಇಲಿಗಳ ಜೊತೆ ಮಲಗಿದೀನಿ. ನಮ್ಮ ಒಗೆಯೋ ಕಲ್ಲಿನ ಸುತ್ತಲ ಹೊಳೆದಂಡೇನೂ ಬರೆದುಕೊಡಿ."

ರಾಜಕುಮಾರಿಯ ತುಟಿ ಮೊದಲ ಸಲ ಅಲುಗಿತು. ತಾಮ್ರದ ತಗಡು ತರಿಸಿ ದಂಡೆಯನ್ನು ಬರೆಸಿಕೊಟ್ಟಳು. ಪಂಡಿತ ಅಂದೇ ಗಂಟುಮೂಟೆ ಕಟ್ಟಿದ.

ತಾಯಿ ಮಗ ಮನೆಯ ದಾರಿ ಹಿಡಿದರು. ಬಾಯಿಲ್ಲದ ಜೀವಗಳನ್ನು ಕಾಯುವ ದೇವರು ಬಾಯಿದ್ದವರಿಗೂ ಅಷ್ಟು ಬುದ್ಧಿ ಕೊಡಲಿ.