ಆರನೆಯ ಹೆಸರು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಡ್ರಿಲ್ ಟೀಚರ್, ಸೆಲಿನ್ ಟೀಚರ್. ನಾವಾಗ ಆರನೇ ಕ್ಲಾಸು. ಶಾಲೆಯ ಮೈದಾನದಲ್ಲಿ ಯಾರದೋ ಸಭೆಗೆ ಶಾಮಿಯಾನ ಹಾಕಿದ್ದರು, ಆಡಲು ಜಾಗವಿರಲಿಲ್ಲ. ಟೀಚರ್ ನಮ್ಮನ್ನು ಮೆಟ್ಟಿಲ ಮೇಲೆ ಕೂರಿಸಿ, ಕೊರಳಿನ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕತೆ ಶುರು ಮಾಡಿದರು.

ಅದಾಗಿ ಮೂವತ್ತು ವರ್ಷ ದಾಟಿತು. ಕಳೆದ ವಾರ ನನ್ನ ಅಣ್ಣನ ಮಗಳು ಇಂಚರ ಫೋನ್ ಹಿಡಿದು ಬಂದಳು. ಗೆಳತಿಯರೆಲ್ಲ ಸೇರಿ ಫುಟ್‌ಬಾಲ್ ಲೀಗ್ ಮಾಡುತ್ತಿದ್ದಾರಂತೆ. ಒದೆಯುವವರು ಎಲ್ಲೋ ಇರುತ್ತಾರೆ, ಇವರು ಮನೆಯಲ್ಲಿ ಕೂತು ಅವರಲ್ಲಿ ಬೇಕಾದವರನ್ನು ಆರಿಸಿ ತಂಡ ಕಟ್ಟುತ್ತಾರೆ, ಅವರು ಗೋಲು ಹೊಡೆದರೆ ಇವರಿಗೆ ಅಂಕ. "ಅತ್ತೆ, ಪ್ರತಿ ತಂಡದಲ್ಲೂ ಎಂಥೆಂಥವರು ಎಷ್ಟು ಜನ ಇರಲೇಬೇಕು ಅಂತ ನಿಯಮ ಮಾಡಬೇಕು. ಹೇಗೆ ಮಾಡೋಣ?" ಎಂದಳು. ನನಗೆ ಆ ಸೀಟಿ ನೆನಪಾಯಿತು.

ಈಗ ಕತೆ ಕೇಳಿ, ಮಕ್ಕಳೇ.

ಒಂದು ಕಾಡಿನ ನಡುವೆ ಒಂದು ಕೆರೆ. ಕೆರೆಯ ಪಕ್ಕಕ್ಕೆ ಒಂದು ಬಯಲು. ಬೇಸಿಗೆಯ ಸಂಜೆ ಕಾಡಿನ ಮರಿಗಳೆಲ್ಲ ಅಲ್ಲಿ ಸೇರಿ, ಎರಡು ತಂಡವಾಗಿ, ಬೇಲದ ಕಾಯಿಯನ್ನೇ ಚೆಂಡು ಮಾಡಿಕೊಂಡು ಒದ್ದು ಆಡುತ್ತಿದ್ದವು. ಬಯಲಿನ ಎರಡೂ ತುದಿಗೆ ಎರಡೆರಡು ಮುತ್ತುಗದ ಗಿಡ, ಎದುರು ತಂಡದ ಗಿಡಗಳ ನಡುವೆ ಕಾಯಿ ತೂರಿದರೆ ಗೋಲು.

ಕೆರೆ ದಂಡೆಯ ಮೇಲೆ ನಾಲ್ವರು ಹಿರಿಯರು ಕೂರುತ್ತಿದ್ದರು. ಆಮೆಯಜ್ಜಿ, ಕಾಗಕ್ಕ, ಕಪ್ಪೆ ಮಾವ, ಕೊಕ್ಕರೆ ರಾಯರು. ಅವರದು ಓಡುವ ವಯಸ್ಸಲ್ಲ, ಹಾಗೆಂದು ಸುಮ್ಮನೆ ಕೂರುವ ಜಾತಿಯೂ ಅಲ್ಲ.

"ಕೊಕ್ಕರೆ ಕಪ್ಪೆಯನ್ನ ತಿನ್ನಲ್ವಾ ಟೀಚರ್?" ಎಂದು ನಮ್ಮಲ್ಲಿ ಯಾರೋ ಕೇಳಿದರು.

"ಆಟದ ಹೊತ್ತಿನಲ್ಲಿ ಇಲ್ಲ," ಎಂದರು ಟೀಚರ್.

ಹಿರಿಯರು ತಮ್ಮದೇ ಒಂದು ಆಟ ಮಾಡಿಕೊಂಡಿದ್ದರು. ಸಂಜೆ ಆಟ ಶುರುವಾಗುವ ಮೊದಲು ಒಬ್ಬೊಬ್ಬರೂ ದಂಡೆಯ ಹಸಿ ಕೆಸರಿನಲ್ಲಿ ಆರು ಮರಿಗಳ ಹೆಸರು ಗೀಚಬೇಕು. ಕೆಸರು ಒಣಗಿದ ಮೇಲೆ ತಿದ್ದುವಂತಿಲ್ಲ. ಹೆಸರು ಗೀಚಿದ ಮರಿ ಗೋಲು ಹೊಡೆದರೆ, ಇಲ್ಲವೇ ಗೋಲು ತಡೆದರೆ, ಗೀಚಿದವರಿಗೆ ಒಂದು ಹೊಂಗೆ ಬೀಜ. ಬೇಸಿಗೆ ಮುಗಿಯುವಾಗ ಯಾರ ಗುಡ್ಡೆ ದೊಡ್ಡದೋ ಅವರಿಗೆ ನೇರಳೆ ಮರದ ಬುಡದ ತಂಪು ಜಾಗ, ಮಳೆ ಬರುವ ತನಕ.

ಆ ಜಾಗ ಕೊಕ್ಕರೆ ರಾಯರಿಗೆ ಬೇಕಿತ್ತು, ನೆರಳಿಗೆ ಮೀನು ಬರುತ್ತಿತ್ತು. ಕಪ್ಪೆ ಮಾವನಿಗೆ ಬೇಕೇ ಬೇಕಿತ್ತು. ವಯಸ್ಸಾದ ಕಪ್ಪೆಯ ಚರ್ಮ ಬಿಸಿಲಿಗೆ ಬಿರಿಯುತ್ತದೆ.

ಆರು ಹೆಸರಿನ ನಿಯಮ ಆಮೆಯಜ್ಜಿಯದು. ಗೋಲು ಕಾಯುವವನು ಒಬ್ಬ, ಅಡ್ಡ ನಿಲ್ಲುವವರು ಇಬ್ಬರು, ಓಡಿ ಹೊಡೆಯುವವರು ಇಬ್ಬರು. ಆರನೆಯ ಜಾಗಕ್ಕೆ ಮಾತ್ರ ಯಾರಾದರೂ ಸರಿ.

ಆ ಜಾಗದಲ್ಲಿ ಕಪ್ಪೆ ಮಾವ ಯಾವತ್ತೂ ಗೀಚುತ್ತಿದ್ದುದು ಗುಂಡನ ಹೆಸರು. ಗುಂಡ ಚಿಪ್ಪುಹಂದಿಯ ಮರಿ. ಚೆಂಡು ಹತ್ತಿರ ಬಂದರೆ ಹೆದರಿ ಉಂಡೆ ಸುತ್ತಿಕೊಂಡು ಬಿಡುತ್ತಿದ್ದ. ಎಷ್ಟೋ ಸಲ ಜಿಂಕೆ ಮರಿ ಬೇಲದ ಕಾಯಿ ಬಿಟ್ಟು ಇವನನ್ನೇ ಒದ್ದದ್ದುಂಟು. ಆದರೂ ಕಾಗಕ್ಕ ಕೊಂಬೆಯ ಮೇಲೆ ಕೂತು ಕೆಸರಿನ ಹೆಸರುಗಳನ್ನು ಗಟ್ಟಿಯಾಗಿ ಓದುವಾಗ ಗುಂಡ ಎಲ್ಲರಿಗಿಂತ ಮೊದಲು ಬಂದು ಮರದ ಕೆಳಗೆ ನಿಂತಿರುತ್ತಿದ್ದ.

ಒಂದು ಬೇಸಿಗೆಯ ಕೊನೆಯ ಸಂಜೆ ರಾಯರ ಗುಡ್ಡೆಯೂ ಕಪ್ಪೆ ಮಾವನ ಗುಡ್ಡೆಯೂ ಸರಿಸಮ ಇದ್ದವು. ಆಗ ಯಾರೋ ಒದ್ದ ಕಾಯಿ ಉಂಡೆಯಾಗಿ ಬಿದ್ದಿದ್ದ ಗುಂಡನ ಬೆನ್ನಿಗೆ ಬಡಿದು, ಪುಟಿದು, ಗೋಲಿಗೆ ಹೋಯಿತು. ಕಪ್ಪೆ ಮಾವ ಒಂದು ಬೀಜದಲ್ಲಿ ಗೆದ್ದ.

ರಾಯರು ಅದನ್ನು ಮಳೆಗಾಲ ಪೂರ್ತಿ ಮರೆಯಲಿಲ್ಲ, ಚಳಿಗಾಲದಲ್ಲೂ ಮರೆಯಲಿಲ್ಲ. ಮುಂದಿನ ಬೇಸಿಗೆ ಬಂದಕೂಡಲೇ ದಂಡೆಯ ಮೇಲೆ ಕತ್ತು ನೀಳಿಸಿ ನಿಂತರು. "ಆರನೆಯ ಜಾಗ ದಾನದ ಜಾಗವಾಗಿದೆ. ಆಟ ಬಾರದವರ ಹೆಸರು ಬರೆದು ಗೆಲ್ಲುವುದಾದರೆ ಆಟ ತಿಳಿದವರು ಯಾಕೆ ಕೂರಬೇಕು? ಅಲ್ಲಿ ಮೂರನೆಯ ಓಟಗಾರನೇ ಇರಲಿ."

ಓಟಗಾರರನ್ನು ಆರಿಸುವುದರಲ್ಲಿ ರಾಯರನ್ನು ಮೀರಿಸುವವರಿರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗಿಂತ ಚೆನ್ನಾಗಿ ರಾಯರಿಗೆ. ಕಾಗಕ್ಕನ ಕಣ್ಣು ಬಲು ಚುರುಕು ಎಂದು ಅವರು ಮೊದಲೇ ಹೊಗಳಿಟ್ಟಿದ್ದರಿಂದ ಅವಳು ಕೂಡಲೇ ಹೂಂ ಅಂದಳು. ಕಪ್ಪೆ ಮಾವ ಬಾಯಿ ತೆರೆದ.

"ನೀನು ಸುಮ್ಮನಿರಪ್ಪ," ಎಂದಳು ಕಾಗಕ್ಕ. "ಹೋದ ವರ್ಷ ಗೆದ್ದವನು ನೀನು. ಹಳೆಯದೇ ಇರಲಿ ಅಂತಲೇ ಹೇಳ್ತೀಯ."

ಅವನು ಬಾಯಿ ಮುಚ್ಚಿದ. ಆಮೆಯಜ್ಜಿ ಚಿಪ್ಪಿನೊಳಗಿಂದ ತಲೆ ಹೊರಹಾಕಿ, ಹೆಚ್ಚು ಜನ ಹೇಳಿದ್ದೇ ಆಗಲಿ ಎಂದಳು. ಮತ್ತೆ ಒಂದು ಮಾತು ಕೇಳಿದಳು: "ಸಂಜೆ ಹೆಸರು ಓದೋ ಹೊತ್ತಿಗೆ ಮರಿಗಳು ಯಾಕೆ ಅಷ್ಟು ಬೇಗ ಬಂದು ನಿಲ್ತವೆ, ಯಾರಾದರೂ ಯೋಚಿಸಿದ್ದೀರಾ?" ಯಾರೂ ಯೋಚಿಸಿರಲಿಲ್ಲ. ತಲೆ ಒಳಗೆ ಹೋಯಿತು.

ಹೊಸ ನಿಯಮದಲ್ಲಿ ರಾಯರ ಗುಡ್ಡೆ ಬೆಳೆಯಿತು. ನಾಲ್ವರ ಕೆಸರಿನಲ್ಲೂ ಅದೇ ಏಳೆಂಟು ಹೆಸರು: ಜಿಂಕೆ ಮರಿ, ಮೊಲದ ಮರಿ, ಮುಸುವನ ಮರಿ, ಹೀಗೆ. ಗುಂಡ ಮೂರು ಸಂಜೆ ಬಂದ. ಕಾಗಕ್ಕ ಓದಿ ಮುಗಿಸುವವರೆಗೆ ನಿಂತು, ಇನ್ನೂ ಏನೋ ಬಾಕಿ ಇದೆಯೇನೋ ಎಂಬಂತೆ ಸ್ವಲ್ಪ ಹೊತ್ತು ಕಾದ. ನಾಲ್ಕನೆಯ ಸಂಜೆ ಬರಲಿಲ್ಲ. ಆಮೇಲೆ ಮುಳ್ಳುಹಂದಿಯ ಮರಿ ಮುಳ್ಳಿ ಬರಲಿಲ್ಲ, ನವಿಲಿನ ಮರಿ ಬರಲಿಲ್ಲ, ಅಳಿಲಿನ ಮರಿಗಳು ಮೂರಕ್ಕೆ ಮೂರೂ ಬರಲಿಲ್ಲ.

ಒಂದು ಸಂಜೆ ಬಯಲಿನಲ್ಲಿ ಏಳೇ ಮರಿಗಳು. ಎಲ್ಲವೂ ಗಟ್ಟಿಗರೇ, ಆದರೆ ಎರಡು ತಂಡಕ್ಕೆ ಸಾಲದು. ಜಿಂಕೆ ಮರಿ ಕಾಯಿಯನ್ನು ಮರಕ್ಕೆ ನಾಲ್ಕು ಸಲ ಒದ್ದು ಮನೆಗೆ ಹೋಯಿತು, ಅದರ ಹಿಂದೆ ಉಳಿದವು. ದಂಡೆಯ ಮೇಲೆ ರಾಯರು ಗೀಚಿದ್ದ ಆರು ಹೆಸರು ಒಂದು ತಪ್ಪಿಲ್ಲದೆ ಒಣಗಿ ಬಿರುಕು ಬಿಟ್ಟವು. ಬೀಜ ಮಾತ್ರ ಒಂದೂ ಬರಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ.

"ಆಟವಿಲ್ಲದಿದ್ದರೆ ಗೆಲುವೂ ಇಲ್ಲ, ನೆರಳೂ ಇಲ್ಲ," ಎಂದಳು ಆಮೆಯಜ್ಜಿ. ಕಪ್ಪೆ ಮಾವನ ಬೆನ್ನು ಒಣಗಲು ಶುರುವಾಗಿತ್ತು.

ಕೊನೆಗೆ ರಾಯರೇ ಗುಂಡನ ಬಿಲದ ಬಾಯಿಗೆ ಹೋಗಿ ಕೊಕ್ಕು ಬಗ್ಗಿಸಿದರು. ಆಟಕ್ಕೆ ಯಾಕೆ ಬರುತ್ತಿಲ್ಲ ಎಂದು ಕೇಳಿದರು.

"ನಾನಿಲ್ಲದಿದ್ದರೆ ಆಟ ಚೆನ್ನಾಗಿರುತ್ತಲ್ಲ, ಅಜ್ಜ," ಎಂದಿತು ಒಳಗಿನ ಸ್ವರ.

"ಇಲ್ಲ ಕಣೋ. ನಡೆಯುತ್ತಲೇ ಇಲ್ಲ."

ಗುಂಡ ಮೆಲ್ಲಗೆ ಹೇಳಿದ: "ನನಗೆ ಆಡೋಕೆ ಬರಲ್ಲ ಅಂತ ಗೊತ್ತು, ಅಜ್ಜ. ಆದರೆ ಕಾಗಕ್ಕ ನನ್ನ ಹೆಸರು ಓದುವಾಗ ಅಮ್ಮ ಬಿಲದ ಬಾಯಿಗೆ ಬಂದು ಕೇಳ್ತಿದ್ದಳು."

ರಾಯರು ಬಹಳ ಹೊತ್ತು ಅಲ್ಲೇ ನಿಂತಿದ್ದರು. ಎರಡೂ ಕಾಲಿನ ಮೇಲೆ.

ಮರುದಿನ ಆರನೆಯ ಜಾಗ ವಾಪಸು ಬಂತು. ಕಾಡೆಲ್ಲ ಸುದ್ದಿ ಹರಡಿ ಮರಿಗಳೂ ಬಂದವು. ಆಟ ಮತ್ತೆ ಶುರುವಾಯಿತು. ಬೇಸಿಗೆಯ ಕೊನೆಯ ಸಂಜೆ ಬರುವಷ್ಟರಲ್ಲಿ ಕಪ್ಪೆ ಮಾವನ ಗುಡ್ಡೆ ಒಂದೊಂದೇ ಬೀಜ ಸೇರಿ ಬೆಳೆದು, ರಾಯರ ಗುಡ್ಡೆಗೆ ಮತ್ತೆ ಸರಿಸಮ.

ಅಂದು ರಾಯರು ತಮ್ಮ ಆರನೆಯ ಜಾಗದಲ್ಲಿ ತಮ್ಮ ಕೊಕ್ಕಿನಿಂದಲೇ ಗುಂಡ ಎಂದು ಗೀಚಿದರು. ಕಪ್ಪೆ ಮಾವ ಅದನ್ನು ನೋಡಿದ. "ಅವನಿಗೆ ಈಗ ನೀವಿದ್ದೀರಿ," ಎಂದು ತಾನು ಮುಳ್ಳಿಯ ಹೆಸರು ಗೀಚಿದ.

ರಾಯರ ಸಾಲಿನಲ್ಲಿ ತನ್ನ ಹೆಸರು ಕೇಳಿದ ಗುಂಡ ಆ ಸಂಜೆ ಮೊದಲ ಬಾರಿಗೆ ಉಂಡೆ ಸುತ್ತಿಕೊಳ್ಳಲಿಲ್ಲ. ಚೆಂಡಿನತ್ತ ಓಡಿದ, ಕಾಲು ಬೀಸಿದ, ಗುರಿ ತಪ್ಪಿ ಮೂತಿ ಅಡಿಯಾಗಿ ಬಿದ್ದ. ದಂಡೆಯ ಮೇಲೆ ರಾಯರೂ ಅರಿವಿಲ್ಲದೆ ಕಾಲು ಬೀಸಿದ್ದರು. ಗುಂಡನಿಂದ ಅವರಿಗೆ ಒಂದು ಬೀಜವೂ ಬರಲಿಲ್ಲ.

ಮುಳ್ಳಿಯ ಕತೆ ಬೇರೆ. ಯಾರೋ ಒದ್ದ ಬೇಲದ ಕಾಯಿ ಅವಳ ಬೆನ್ನಿನ ಮುಳ್ಳುಗಳ ನಡುವೆ ಸಿಕ್ಕಿಕೊಂಡಿತು. ಚೆಂಡೆಲ್ಲಿ ಚೆಂಡೆಲ್ಲಿ ಎಂದು ಹುಡುಕುತ್ತಾ ಅವಳು ಬಯಲೆಲ್ಲ ಸುತ್ತಿ, ನೆಟ್ಟಗೆ ಎದುರು ತಂಡದ ಮುತ್ತುಗದ ಗಿಡಗಳ ನಡುವೆ ನಡೆದುಹೋದಳು. ಗೋಲು.

ಆ ವರ್ಷವೂ ನೆರಳು ಕಪ್ಪೆ ಮಾವನದೇ ಆಯಿತು. ಒಂದೇ ಬೀಜದಲ್ಲಿ.

ಎಲ್ಲರೂ ಹೋದ ಮೇಲೆ ರಾಯರು ನೇರಳೆ ಮರದಿಂದ ನಾಲ್ಕು ಹೆಜ್ಜೆ ದೂರ ಬಿಸಿಲಿನಲ್ಲಿ ನಿಂತಿದ್ದರು. ಕಪ್ಪೆ ಮಾವ ಒದ್ದೆ ಮಣ್ಣಿನಲ್ಲಿ ಕೂತು ಅವರನ್ನು ನೋಡಿದ. ಅವರ ಕೊಕ್ಕನ್ನೂ ನೋಡಿದ.

"ಆಟ ಮುಗಿದಿದೆ, ರಾಯರೇ," ಎಂದ. "ಆದರೂ ಬನ್ನಿ. ಒಂದು ಕಾಲಿಗೆ ಜಾಗ ಇದೆ."

ಅವರು ಬಂದರು. ಒಂದು ಕಾಲಿನಲ್ಲಿ ನಿಂತು, ಕಪ್ಪೆಯ ಕಡೆ ನೋಡದೆ ನೀರನ್ನೇ ನೋಡುತ್ತಾ, ಮುಂದಿನ ಬೇಸಿಗೆಗೆ ಯಾರ ಹೆಸರು ಗೀಚುತ್ತೀಯ ಎಂದು ಕೇಳಿದರು.

ಇಷ್ಟು ಹೇಳಿ ಸೆಲಿನ್ ಟೀಚರ್ ಸೀಟಿ ಊದಿದರು, ಪೀರಿಯಡ್ ಮುಗಿದಿತ್ತು. ಥ್ರೋಬಾಲಿನ ಮೊದಲ ಏಳು ಜನರಲ್ಲಿ ಎಂದೂ ಇಲ್ಲದ ನನಗೆ ಆ ಕತೆ ಇಂದಿನವರೆಗೂ ಉಳಿಯಿತು. ಇಂಚರ, ಇದನ್ನು ನಿನ್ನ ಲೀಗಿನವರಿಗೆಲ್ಲ ಓದಿ ಹೇಳು, ಆಮೇಲೆ ನಿಯಮ ಮಾಡಿ. ಮಕ್ಕಳೇ, ನೀವೂ ಅಷ್ಟೇ. ತಂಡ ಆರಿಸುವಾಗ ಕೊನೆಗೆ ಉಳಿಯುವವರು ಒಬ್ಬರಿರುತ್ತಾರಲ್ಲ, ಮೊದಲು ಅವರ ಪಕ್ಕ ಕೂತು ಈ ಕತೆ ಹೇಳಿ.

ನೀತಿ: ತನ್ನ ಗೆಲುವಿಗೆಂದೇ ನಿಯಮ ಕಟ್ಟುವವನು ಆಟವನ್ನೇ ಕಳೆದುಕೊಳ್ಳುತ್ತಾನೆ, ಎಲ್ಲರಿಗೂ ಒಂದು ಜಾಗ ಬಿಟ್ಟರೇ ಆಟ ಉಳಿಯುತ್ತದೆ.