ಹೆಲ್ಮೆಟ್ ಮೇಲೆ ಅಧ್ಯಕ್ಷರ ಮಾರಿ

ಶಾಲಾ ಮಂಡಳಿಯ ಅಧ್ಯಕ್ಷ ಚನವೀರಪ್ಪನವರ ಹುಟ್ಟುಹಬ್ಬಕ್ಕೆ ಮಕ್ಕಳ ಸೈಕಲ್ ಜಾಥಾ ಹೊರಟು ನಿಂತಿತ್ತು. ಮಕ್ಕಳ ತಲೆ ಮೇಲೆ ಹೆಲ್ಮೆಟ್ ಕಂಡದ್ದೇ ತಡ, ಅಧ್ಯಕ್ಷರು ಗುಡುಗಿದರು.

"ತೆಗಸ್ರಿ ಅವನ್ನ! ನನ್ನ ಹೆಸರಿನ ಟೊಪ್ಪಿಗಿ ಹಾಕಸ್ರಿ. ಪೇಪರಿನ ಫೋಟೋದಾಗ ನನ್ನ ಹೆಸರು ಕಾಣಬೇಕು."

ಹೆಡ್‌ಮಾಸ್ತರರು ತಲೆಯಾಡಿಸಿಬಿಟ್ಟರು. ಶಾಲೆಯ ಆಯಾ ದ್ಯಾಮವ್ವ ಆತಂಕದಿಂದ ಮುಂದೆ ನೋಡಿದಳು. ಮುಂದಿದ್ದದ್ದು ಇಳಿಜಾರು ರಸ್ತೆ. ಆದರೂ ನಗುತ್ತಲೇ ಕೈಮುಗಿದಳು.

"ಟೊಪ್ಪಿಗಿ ಗಾಳಿಗೆ ಹಾರಿ ಗಟಾರದಾಗ ಬಿದ್ರ ನಿಮ್ಮ ಹೆಸರಿನ ಗತಿ ಏನ್ರಿ ಸಾಹೇಬ್ರ? ಹೆಲ್ಮೆಟ್ ಆದ್ರ ಗದ್ದಕ್ಕ ಬಿಗದಿರ್ತೈತ್ರಿ. ಅದರ ಮ್ಯಾಲ ನಿಮ್ಮ ಫೋಟೋನ ಅಂಟಿಸಿಬಿಡೋಣ್ರಿ."

ಅಧ್ಯಕ್ಷರ ಮೀಸೆ ಅರಳಿತು. ಕಾರಿನಲ್ಲಿದ್ದ, ಅವರ ಫೋಟೋ ಇದ್ದ ಹುಟ್ಟುಹಬ್ಬದ ಸ್ಟಿಕ್ಕರುಗಳೆಲ್ಲ ಹೊರಬಂದು ಹೆಲ್ಮೆಟ್‌ಗಳಿಗೆ ಅಂಟಿದವು. ಸಾಲದ್ದಕ್ಕೆ ತಾವೇ ಓಡಾಡಿ ಒಬ್ಬೊಬ್ಬರ ಹೆಲ್ಮೆಟ್ ಪಟ್ಟಿ ಬಿಗಿದರು. "ಮನೀ ಮುಟ್ಟೂತನಕ ಯಾರೂ ತೆಗೀಬ್ಯಾಡ್ರಿ! ನಾಳೆನೂ ಹಾಕ್ಕೊಂಡ ಬರ್ರಿ!"

ಇಳಿಜಾರಿನಲ್ಲಿ ಪುಟ್ಟ ರೇಷ್ಮಾ ಸೈಕಲ್ ಸಮೇತ ಉರುಳಿದಳು. ಹೆಲ್ಮೆಟ್ ಡಾಂಬರಿಗೆ ಉಜ್ಜಿಕೊಂಡು ಹೋಯಿತು. ಹಿಂದೆ ಕಾರಿನಲ್ಲಿ ಬರುತ್ತಿದ್ದ ಅಧ್ಯಕ್ಷರು ಗಾಬರಿಯಿಂದ ಇಳಿದು ಓಡಿಬಂದರು. "ಏನಾತು? ಭಾಳ ಪೆಟ್ಟಾತೇನು?"

ದ್ಯಾಮವ್ವ ಹುಡುಗಿಯ ತಲೆಯನ್ನೆಲ್ಲ ಸವರಿ ನೋಡಿ ನೆಮ್ಮದಿಯ ಉಸಿರುಬಿಟ್ಟಳು.

"ಕೂಸಿಗೆ ಏನೂ ಆಗಿಲ್ರಿ ಸಾಹೇಬ್ರ. ನಿಮ್ಮ ಮೂಗಷ್ಟ ಕಿತ್ತು ಹೋಗೇತ್ರಿ."