ಹೊಳೆಸೇವೆಯ ಮನೆತನ

"ಗುರುಗಳೇ, ಊರಿನವರು ಹೊಳೆಗೆ ಹೊಲಸು ಸುರಿಯುತ್ತಾರೆ. ನಾನು ದಿನವೂ ಇಳಿದು ತೆಗೆಯುತ್ತೇನೆ. ಅವರಿಗೆ ಒಂದು ಮಾತೂ ಅನ್ನುವುದಿಲ್ಲ. ನನ್ನನ್ನು ನೋಡಿ ನೋಡಿ ಒಂದು ದಿನ ಅವರೇ ತಿದ್ದಿಕೊಳ್ಳುವುದಿಲ್ಲವೇ?"

ಹೀಗೆ ಕೇಳಿದ ಶಿಷ್ಯನ ಪಂಚೆ ಇನ್ನೂ ಒದ್ದೆಯಾಗಿತ್ತು. ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಹೊಳೆಯ ದಂಡೆಯ ಒಂದು ಪೇಟೆಯಲ್ಲಿ ಒಬ್ಬ ಬಣ್ಣಗಾರನಿದ್ದ. ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಹಂಡೆಯಲ್ಲಿ ಉಳಿದ ಬಣ್ಣದ ನೀರನ್ನು ಸಂಜೆ ಹೊಳೆಗೆ ಚೆಲ್ಲುತ್ತಿದ್ದ. ಅವನ ಅಪ್ಪನೂ ಅಲ್ಲೇ ಚೆಲ್ಲಿದ್ದ. ಪೇಟೆಯಲ್ಲಿ ಬೇರೆ ರೀತಿ ಮಾಡಿದವರು ಯಾರೂ ಇರಲಿಲ್ಲ. ಛತ್ರದವರು ಎಂಜಲೆಲೆಗಳನ್ನು ತಂದು ಹಾಕುತ್ತಿದ್ದರು. ಸಂತೆಯವರು ಕೊಳೆತ ತರಕಾರಿಯನ್ನು ನೂಕುತ್ತಿದ್ದರು. ಮನೆಮನೆಯ ಬಚ್ಚಲ ಕಾಲುವೆ ಹೊಳೆಗೇ ಹೋಗಿ ಸೇರುತ್ತಿತ್ತು. ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಕುಡಿಯುವ ನೀರನ್ನೂ ಅಲ್ಲಿಂದಲೇ ತರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಹೊಳೆ ಬತ್ತಿ ಸಣ್ಣದಾಯಿತು. ಪೇಟೆಯಲ್ಲಿ ವಾಂತಿಭೇದಿ ಶುರುವಾಯಿತು. ಬಣ್ಣಗಾರನ ಮಗಳು ಬೆಳಿಗ್ಗೆ ಮಲಗಿದವಳು ಸಂಜೆಗೆ ತೀರಿಕೊಂಡಳು. ವೈದ್ಯ ಬಂದು ನೋಡಿ, ಮನೆಯ ಕೊಡದಲ್ಲಿದ್ದ ನೀರನ್ನು ಚೆಲ್ಲಿಸಿ ಹೋದ. ಕಾಯಿಲೆ ಎಲ್ಲಿಂದ ಬಂತೆಂದು ಬಣ್ಣಗಾರನಿಗೆ ತಿಳಿಯಿತು.

ಮಗಳ ಕಾರ್ಯಗಳು ಮುಗಿದ ಮೇಲೆ ಬಣ್ಣಗಾರ ಮತ್ತೆ ಹಂಡೆಯ ಮುಂದೆ ನಿಂತ. ಸಂಜೆ ಉಳಿದ ನೀರನ್ನು ಚೆಲ್ಲಲು ಹೋದಾಗ ಹಂಡೆ ಎತ್ತುವುದಕ್ಕೆ ಅವನಿಗೆ ಕೈಯೇ ಬರಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ ಅದರಲ್ಲಿ ಸುರಿದ. ಮರುದಿನ ಹೊಳೆಗೆ ಇಳಿದು ಎಂಜಲೆಲೆ, ಹರಿದ ಬಟ್ಟೆ, ಸತ್ತ ಕೋಳಿ, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ದಂಡೆಗೆ ಹಾಕಿದ. ಅದರ ಮರುದಿನವೂ ಇಳಿದ.

ಹೆಂಡತಿ ಹೇಳಿದಳು: "ನೀವೊಬ್ಬರೇ ಎಷ್ಟು ತೆಗೆಯುತ್ತೀರಿ? ಹಾಕಬೇಡಿ ಎಂದು ಅವರಿಗೆ ಹೇಳಬಾರದೇ?"

"ಇಷ್ಟು ವರ್ಷ ನಾನೇ ಚೆಲ್ಲಿದವನು. ಯಾವ ಮುಖ ಇಟ್ಟುಕೊಂಡು ಹೇಳಲಿ? ಅವರಿಗೂ ಕಣ್ಣಿದೆ, ನೋಡಿ ಕಲಿಯುತ್ತಾರೆ," ಎಂದ ಬಣ್ಣಗಾರ.

ಜನ ನೋಡಿದರು. ಮಗಳು ಹೋದ ಮೇಲೆ ಅವನಿಗೆ ತಲೆ ಕೆಟ್ಟಿದೆ ಎಂದು ಮೊದಮೊದಲು ನಕ್ಕರು. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಹೊಳೆಯ ಮೆಟ್ಟಿಲ ಹತ್ತಿರದ ನೀರು ತಿಳಿಯಾಯಿತು. ಹೆಂಗಸರು ಮೂಗು ಮುಚ್ಚಿಕೊಳ್ಳದೆ ಕೊಡ ತುಂಬಿಕೊಂಡರು. ಆಗ ನಗು ನಿಂತಿತು. ಪೇಟೆಯ ಶೆಟ್ಟಿ ಸಭೆ ಕರೆದು ಬಣ್ಣಗಾರನಿಗೆ ಶಾಲು ಹೊದಿಸಿದ. ಅವನು ಮಾಡುತ್ತಿರುವುದು ಕೆಲಸವಲ್ಲ, ಹೊಳೆಸೇವೆ ಎಂದ. ಎರಡು ಮಾತಾಡಿ ಎಂದು ಜನ ಕೇಳಿಕೊಂಡರು.

ಬಣ್ಣಗಾರ ಎದ್ದು ನಿಂತ. ಹೆಂಡತಿ ಈಗಲಾದರೂ ಹೇಳುತ್ತಾನೆ ಎಂದು ಕಾದಳು. ಎದುರಿಗೆ ಇದ್ದವರೆಲ್ಲ ಅವನನ್ನು ಪ್ರೀತಿಯಿಂದ ನೋಡುತ್ತಿದ್ದರು. ಅಷ್ಟು ಜನ ಅವನನ್ನು ಹಾಗೆ ಎಂದೂ ನೋಡಿರಲಿಲ್ಲ. ಅವರ ಮನಸ್ಸು ಮುರಿಯಲು ಅವನಿಗೆ ಬಾಯಿ ಬರಲಿಲ್ಲ. ನಮಸ್ಕಾರ ಮಾಡಿ ಕುಳಿತುಬಿಟ್ಟ.

ಅಲ್ಲಿಂದ ಪೇಟೆಯ ರೀತಿ ಬದಲಾಯಿತು. ಛತ್ರದವರು ಮೊದಲು ಎಂಜಲೆಲೆಗಳನ್ನು ಹೊತ್ತು ಕೆಳಗಿನ ತಿರುವಿನವರೆಗಾದರೂ ಹೋಗುತ್ತಿದ್ದರು. ಈಗ ಮೆಟ್ಟಿಲ ಮೇಲೆಯೇ ಸುರಿದರು. ಹೇಗೂ ಬಣ್ಣಗಾರರು ತೆಗೆಯುತ್ತಾರಲ್ಲ ಎಂದರು. ಹಾಕಲು ಅಳುಕುತ್ತಿದ್ದವರ ಅಳುಕೂ ಹೋಯಿತು. ಬಟ್ಟೆ ಒಗೆಯುವ ಹೆಂಗಸರು ಮರ್ಯಾದೆಯಿಂದಲೇ ಕೂಗಿ ಹೇಳುತ್ತಿದ್ದರು: "ಅಣ್ಣಾ, ಅಲ್ಲೊಂದು ತೇಲುತ್ತಿದೆ ನೋಡಿ."

ಅವನು ಹೋಗಿ ತೆಗೆಯುತ್ತಿದ್ದ.

ದಿನವೆಲ್ಲ ನೀರಲ್ಲಿ ನಿಂತು ಅವನ ಕಾಲಿನಲ್ಲಿ ಹುಣ್ಣುಗಳೆದ್ದವು. ಹುಣ್ಣು ಕೀವು ತುಂಬಿ ಜ್ವರ ಬಂತು. ಅವನು ಹಾಸಿಗೆ ಹಿಡಿದ. ಆ ವಾರ ಅವನ ಮನೆಯ ಮುಂದೆ ಜನ ಸೇರಿದರು. ನೋಡಲು ಬಂದಿದ್ದಾರೆ ಎಂದುಕೊಂಡು ಹೆಂಡತಿ ಚಾಪೆ ಹಾಸಿದಳು. ಅವರು ಕೂರಲಿಲ್ಲ.

"ಹೊಳೆ ನಾರುತ್ತಿದೆ ತಾಯಿ. ಯಜಮಾನರು ಯಾವಾಗಿನಿಂದ ಬರುತ್ತಾರೆ?" ಎಂದರು.

ಹೆಂಡತಿ ಹಾಸಿದ ಚಾಪೆಯನ್ನು ಸುತ್ತಿ ಒಳಗೆ ಒಯ್ದಳು.

ಬಣ್ಣಗಾರ ಏಳಲಿಲ್ಲ. ಅವನು ಸತ್ತ ದಿನ ಪೇಟೆಯ ಅಂಗಡಿಗಳೆಲ್ಲ ಮುಚ್ಚಿದ್ದವು. ಶೆಟ್ಟಿ ನಿಜವಾಗಿಯೂ ಅತ್ತ. ಹೆಣದ ಮೇಲೆ ಬಿದ್ದ ಹಾರಗಳನ್ನು ದಹನದ ಮೊದಲು ತೆಗೆದು, ಭಕ್ತಿಯಿಂದ, ಹೊಳೆಗೆ ಬಿಟ್ಟರು.

ತಿಥಿ ಮುಗಿದ ಮೇಲೆ ಹಿರಿಯರು ಮನೆಗೆ ಬಂದರು. ಬಣ್ಣಗಾರನಿಗೆ ಒಬ್ಬ ಮಗನಿದ್ದ. ಶೆಟ್ಟಿ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ಇನ್ನು ನೀನು ಇಳಿಯಬೇಕಪ್ಪ. ಹೊಳೆಸೇವೆ ನಿಮ್ಮ ಮನೆತನಕ್ಕೆ ಬಂದ ಭಾಗ್ಯ. ಎಲ್ಲರಿಗೂ ಸಿಗುವಂಥದ್ದಲ್ಲ."

ಮಗ ಕೇಳಿದ: "ನಮ್ಮ ಮನೆಯಿಂದ ಹೊಳೆಗೆ ಒಂದು ತೊಟ್ಟು ಬಣ್ಣ ಹೋಗುವುದಿಲ್ಲ. ಅಪ್ಪ ತೋಡಿದ ಗುಂಡಿ ಹಿತ್ತಲಲ್ಲಿದೆ, ನೋಡಿ. ಹಾಕುವವರು ನೀವು. ತೆಗೆಯುವವನು ನಾನು ಯಾಕಾಗಬೇಕು?"

"ನಿಮ್ಮಪ್ಪ ಹೀಗೆ ಕೇಳಿರಲಿಲ್ಲ."

"ಅದಕ್ಕೇ ಸತ್ತರು. ಮನೆಗೊಬ್ಬರಂತೆ ಬನ್ನಿ, ನಿಮ್ಮ ಜೊತೆ ನಾನೂ ಇಳಿಯುತ್ತೇನೆ. ನಿಮ್ಮ ಬದಲಿಗೆ ಇಳಿಯುವುದಿಲ್ಲ."

ಹಿರಿಯರು ಎದ್ದರು. ದೇವರಂಥ ಅಪ್ಪನಿಗೆ ಎಂಥ ಮಗ ಹುಟ್ಟಿದ ಎಂದು ಬೀದಿಯಲ್ಲಿ ಮಾತಾಡಿಕೊಂಡು ಹೋದರು. ಆಮೇಲೆ ಆ ಮನೆಗೆ ಬಣ್ಣ ಹಾಕಲು ನೂಲು ಬರಲಿಲ್ಲ. ತಾಯಿ ಅಂಗಡಿಗೆ ಹೋದರೆ ಉಪ್ಪು ಮುಗಿದಿದೆ ಎಂದರು. ನೀರಿಗೆ ಹೋದರೆ ಹೆಂಗಸರು ದಾರಿ ಬಿಡಲಿಲ್ಲ. ಸೇವೆ ಬಿಟ್ಟವರು ಯಾವ ಬಾಯಲ್ಲಿ ನೀರು ಕುಡಿಯುತ್ತೀರಿ ಎಂದು ಕೇಳಿದರು. ತಾಯಿ ಖಾಲಿ ಕೊಡ ಹೊತ್ತು ಮನೆಗೆ ಬಂದಳು. ಒಂದು ದಿನ ತಾಯಿ ಮಗ ಹಂಡೆಗಳನ್ನು ಗಾಡಿಗೆ ಹೇರಿಕೊಂಡು ಪೇಟೆ ಬಿಟ್ಟರು. ಬೀಳ್ಕೊಡಲು ಯಾರೂ ಬರಲಿಲ್ಲ.

ಹೊಳೆಯಲ್ಲಿ ಕಸ ಗುಡ್ಡೆ ಬಿತ್ತು. ಮುಂದಿನ ಬೇಸಿಗೆಯಲ್ಲಿ ವಾಂತಿಭೇದಿ ಮತ್ತೆ ಬಂತು. ಮಕ್ಕಳು ಸತ್ತವು. ಶೆಟ್ಟಿಯ ಮನೆಯಲ್ಲೂ ಒಂದು ತೊಟ್ಟಿಲು ಬರಿದಾಯಿತು. ಪೇಟೆಯವರು ಮತ್ತೆ ಸಭೆ ಸೇರಿದರು. ಮಗು ಕಳೆದುಕೊಂಡ ಒಬ್ಬಳು ಎದ್ದು, ನಾವೆಲ್ಲ ಹೊಳೆಗೆ ಹಾಕುವುದನ್ನು ಇವತ್ತೇ ನಿಲ್ಲಿಸೋಣ ಎಂದಳು. ದುಃಖದಲ್ಲಿ ಏನೋ ಮಾತಾಡುತ್ತಿದ್ದಾಳೆ ಎಂದು ಅವಳನ್ನು ಸಮಾಧಾನ ಮಾಡಿ ಕೂರಿಸಿದರು. ಆ ಮನೆತನ ಸೇವೆ ಬಿಟ್ಟಿದ್ದಕ್ಕೆ ಹೊಳೆ ಮುನಿದಿದೆ ಎಂದು ತೀರ್ಮಾನವಾಯಿತು. ಬಣ್ಣಗಾರನ ಮಗನನ್ನು ಹುಡುಕಿ ತರಲು ನಾಲ್ಕೂ ದಿಕ್ಕಿಗೆ ಆಳುಗಳನ್ನು ಕಳಿಸಿದರು. ಅವನು ಸಿಗಲಿಲ್ಲ. ಆ ಪೇಟೆಯ ಜನ ಇವತ್ತಿಗೂ ತಮ್ಮ ಮಕ್ಕಳಿಗೆ ಹೊಳೆಯನ್ನು ತೋರಿಸಿ, ಇದನ್ನು ಕೆಡಿಸಿದವನು ಬಣ್ಣಗಾರನ ಮಗ ಎಂದು ಹೇಳುತ್ತಾರೆ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಆ ಬಣ್ಣಗಾರ ಮಾಡಿದ್ದು ತಪ್ಪೇ, ಗುರುಗಳೇ?"

ಗುರುಗಳು ಹೇಳಿದರು: "ಅವನು ಹೊಳೆ ತೊಳೆದ, ಊರು ಕೈ ತೊಳೆದುಕೊಂಡಿತು."